ನಾನಖಟಾಯಿ ಬೇಯುವ ಒಲೆಯಲ್ಲಿ ಸೀಸ

ಬರೆಯದೆ ನಾಲ್ಕು ತಿಂಗಳಾಯ್ತು. ಮೊಣಕಾಲು ನೋವು, ಸೊಸೈಟಿ ಮೀಟಿಂಗು, ಊರಲ್ಲಿ ಮದುವೆ... ನೆಪಗಳಿಗೇನು ಬರ? ಇವತ್ತು ಕೂತಿದ್ದಕ್ಕೆ ಕಾರಣ ಸಿಟ್ಟು. ಸಿಟ್ಟಿನಲ್ಲಿ ಬರೀಬೇಡಿ ಅಂತ ನನ್ನವಳು ಯಾವಾಗಲೂ ಹೇಳ್ತಾಳೆ. ಸಿಟ್ಟು ಇಳಿದ ಮೇಲೆ ನಾನು ಬರೆಯುವುದೇ ಇಲ್ಲ ಅನ್ನೋದೂ ಅವಳಿಗೆ ಗೊತ್ತು.

2025ರ ದೀಪಾವಳಿಗೆ ಪುಣೆಗೆ ಮಗಳ ಮನೆಗೆ ಹೋಗಿದ್ದೆವು. ಮಗಳು ಓಟಿಜಿಯಲ್ಲಿ, ಅದೇ ರೀ, ಅಡುಗೆಮನೆ ಕಟ್ಟೆ ಮೇಲೆ ಇಡುವ ಟೋಸ್ಟರ್ ಓವನ್, ಅದರಲ್ಲಿ ನಾನಖಟಾಯಿ ಮಾಡುತ್ತಿದ್ದಳು. ಮನೆ ತುಂಬ ತುಪ್ಪ, ಏಲಕ್ಕಿ ಪರಿಮಳ. ಎರಡೂವರೆ ವರ್ಷದ ಮೊಮ್ಮಗ ಎರಡೂ ಕೈಯಲ್ಲಿ ಒಂದೊಂದು ಹಿಡಿದುಕೊಂಡು ಯಾವುದನ್ನು ಮೊದಲು ಕಚ್ಚುವುದು ಅಂತ ಯೋಚನೆ ಮಾಡುತ್ತಿದ್ದ. ಖಾಲಿ ಟ್ರೇ ತೊಳೆದು ಕೊಡೋಣ ಅಂತ ನಾನು ಎತ್ತಿಕೊಂಡೆ. ಟ್ರೇಯ ಮೂಲೆಯ ಮಡಿಕೆಯಲ್ಲಿ ಸಾಸಿವೆಗಿಂತ ಸಣ್ಣ, ಬೂದು ಬಣ್ಣದ, ಹೊಳೆಯುವ ಒಂದು ಕಾಳು.

ಬೇರೆಯವರಾಗಿದ್ದರೆ ಕೇಕಿನ ಮೇಲೆ ಉದುರಿಸುವ ಬೆಳ್ಳಿ ಗುಂಡು ಅಂದುಕೊಳ್ಳುತ್ತಿದ್ದರು. ನಾನು ಥಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವೇವ್ ಸೋಲ್ಡರಿಂಗ್ ಯಂತ್ರದ ಪಕ್ಕ ನಿಂತವನು. ಉಗುರಿನಿಂದ ಒತ್ತಿದೆ, ತಗ್ಗಾಯಿತು. ಪೇಪರಿನ ಮೇಲೆ ಉಜ್ಜಿದೆ, ಮಸುಕು ಗೆರೆ ಬಿತ್ತು.

ಅಳಿಯಂದಿರನ್ನು ಕರೆದೆ. ಅಳಿಯನಿಗೆ 'ನೀವು' ಅನ್ನುವುದು ನಮ್ಮ ಕಡೆಯ ಪದ್ಧತಿ, ಹಾಗಾಗಿ ಜಗಳವನ್ನೂ ಬಹುವಚನದಲ್ಲೇ ಆಡಬೇಕು.

"ಇದೇನು?"

"ಸೋಲ್ಡರ್ ಬಾಲ್ ಮಾವ. ಒರೆಸುವಾಗ ಉಳಿದಿರ್ಬೇಕು."

"ನೀವು ಬೋರ್ಡ್ ಬೇಯಿಸೋದು ಇದ್ರಲ್ಲೇನಾ?"

"ತಿಂಗಳಿಗೆ ಒಂದೆರಡು ಸಲ ಅಷ್ಟೇ. ಅದು ಲೆಡ್ ಫ್ರೀ ಮಾವ, ಏನಾಗಲ್ಲ."

ಪೇಸ್ಟ್ ಎಲ್ಲಿಟ್ಟಿದ್ದೀರಿ ಅಂತ ಕೇಳಿದೆ. ಫ್ರಿಜ್ಜಿನಲ್ಲಿ. ಬಾಗಿಲಿನ ಶೆಲ್ಫಿನಲ್ಲಿ, ಬೆಣ್ಣೆ ಪೊಟ್ಟಣದ ಪಕ್ಕ, ದೋಸೆಹಿಟ್ಟಿನ ಡಬ್ಬಿಯ ಎದುರಿಗೆ ಒಂದು ಸಿರಿಂಜು. ಕನ್ನಡಕ ಹಾಕಿಕೊಂಡು ಓದಿದೆ: ತವರ 63, ಸೀಸ 37. ಲೆಡ್ ಫ್ರೀ ಪೇಸ್ಟ್ ಹೋದ ಬಾರಿಯೇ ಮುಗಿದಿತ್ತಂತೆ, ಈ ಬಾರಿ ಅಂಗಡಿಯವನು ಇದನ್ನು ಕೊಟ್ಟನಂತೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಈಗಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಹಿಂದಿನ ಹಾಗೆ ಉದ್ದ ಕಾಲುಗಳಿಲ್ಲ, ಬೋರ್ಡಿನ ಮೈಮೇಲೇ ಕೂರುತ್ತವೆ. 0603 ಅನ್ನುವ ರೆಸಿಸ್ಟರ್ 1.6 ಮಿಲಿಮೀಟರ್ ಉದ್ದ, 0.8 ಅಗಲ. ಸೀನಿದರೆ ಹಾರಿಹೋಗುತ್ತದೆ. ಕೆಲವು ಐಸಿಗಳಿಗೆ ಬೆಸುಗೆ ಜಾಗ ಹೊಟ್ಟೆಯ ಕೆಳಗೇ ಇರುತ್ತದೆ, ಅಲ್ಲಿಗೆ ಸೋಲ್ಡರಿಂಗ್ ಐರನ್ನಿನ ತುದಿ ಹೋಗುವುದಿಲ್ಲ. ಅದಕ್ಕೆ ಸೋಲ್ಡರ್ ಪೇಸ್ಟ್. ಲೋಹದ ನುಣ್ಣನೆ ಪುಡಿಯನ್ನು ಫ್ಲಕ್ಸಿನಲ್ಲಿ ಕಲಸಿದ ಬೂದು ಲೇಹ ಅದು. ರಂಗೋಲಿ ಅಚ್ಚಿನಂಥ ತೆಳು ತಗಡಿನ ಮೂಲಕ ಅದನ್ನು ಬೋರ್ಡಿನ ಮೇಲೆ ಸವರಿ, ಚಿಮುಟದಿಂದ ಭಾಗಗಳನ್ನು ಕೂರಿಸಿ, ಇಡೀ ಬೋರ್ಡನ್ನೇ ಓವನ್ನಿನಲ್ಲಿ ಕಾಯಿಸಬೇಕು. ಮೊದಲು 150 ಡಿಗ್ರಿಗೆ ಏರಿಸಿ, ಅಲ್ಲಿಂದ ಒಂದೆರಡು ನಿಮಿಷ ನಿಧಾನಕ್ಕೆ ನೆನೆಯಲು ಬಿಟ್ಟು, ಆಮೇಲೆ ಜೋರು ಉರಿ. 183ರಲ್ಲಿ ಸೀಸ-ತವರ ಕರಗುತ್ತದೆ, 215ರ ಆಸುಪಾಸು ಮುಟ್ಟಿಸಿ ಇಳಿಸಬೇಕು. ಕರಗುವ ಆ ಗಳಿಗೆ ನೋಡಬೇಕು ಮಾರಾಯ್ರೆ... ಬೂದು ಲೇಹ ಥಟ್ಟನೆ ಬೆಳ್ಳಿಯಾಗುತ್ತದೆ, ಸೊಟ್ಟಗೆ ಕೂತಿದ್ದ ಭಾಗಗಳು ಯಾರೋ ಬೆರಳಿಂದ ಸರಿಮಾಡಿದ ಹಾಗೆ ತಾವಾಗಿ ನೆಟ್ಟಗಾಗುತ್ತವೆ. ಎಲ್ಲಾ ದ್ರವದ ಮೇಲ್ಮೈ ಎಳೆತದ ಆಟ. ಮೂವತ್ತೊಂದು ವರ್ಷ ನೋಡಿದರೂ ನನಗೆ ಬೇಸರ ಬಂದಿಲ್ಲ.

ಹಾಗಾಗಿ ಇದನ್ನು ಮನೆಯಲ್ಲಿ ಮಾಡಲೇಬಾರದು ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ಹಳೇ ಸಹೋದ್ಯೋಗಿಗಳಲ್ಲೇ ಅಂಥವರಿದ್ದಾರೆ. ಹತ್ತು ಝೋನಿನ ಕನ್ವೇಯರ್ ಓವನ್ ಇಲ್ಲದೆ ಮಾಡಿದ್ದು ಬೆಸುಗೆಯೇ ಅಲ್ಲ ಅಂತ ಮೂಗು ಮುರಿಯುತ್ತಾರೆ. ಐದು ಬೋರ್ಡ್ ಮಾಡಿಕೊಡಿ ಅಂತ ಅವರ ಬಾಗಿಲಿಗೆ ಹೋದರೆ ಸೆಟಪ್ ಚಾರ್ಜಿನ ಲೆಕ್ಕ ಕೊಟ್ಟು ಕಳಿಸುತ್ತಾರೆ. ಕಾಲೇಜು ಹುಡುಗ ಲ್ಯಾಮಿಂಗ್ಟನ್ ರೋಡಿನಿಂದ ಐಸಿ ತಂದು ಮನೆಯಲ್ಲಿ ಬೇಯಿಸಿ ಕಲಿತರೆ ಇವರ ಗಂಟೇನು ಹೋಯ್ತು? ಒಂದು ಓಟಿಜಿ, ಒಂದು ಕೆ-ಟೈಪ್ ಥರ್ಮೋಕಪಲ್, ಒಂದು ಸಾಲಿಡ್ ಸ್ಟೇಟ್ ರಿಲೇ, ಒಂದು ಅರ್ಡುಯಿನೊ. ಇಷ್ಟರಲ್ಲಿ ಪ್ರಪಂಚದ ಎಷ್ಟೋ ಮನೆಗಳಲ್ಲಿ ಒಳ್ಳೊಳ್ಳೆ ಬೋರ್ಡುಗಳು ಆಗಿವೆ.

ನನ್ನ ತಕರಾರು ಒಂದೇ. ಅದೇ ಒಲೆಯಲ್ಲಿ ನಾನಖಟಾಯಿ ಯಾಕೆ?

ಅಳಿಯಂದಿರ ಮೊದಲ ಉತ್ತರ, ವಿಡಿಯೋ ಮಾಡುವ ಹುಡುಗರೆಲ್ಲ ಹೇಳುವ ಅದೇ ಉತ್ತರ: "ಸೀಸ ಕುದಿಯೋದು 1749 ಡಿಗ್ರಿಯಲ್ಲಿ ಮಾವ. ಓವನ್ ಹೋಗೋದೇ 250ರ ತನಕ. ಆವಿ ಎಲ್ಲಿಂದ ಬರತ್ತೆ?"

ನಿಜ. ನೂರಕ್ಕೆ ನೂರು ನಿಜ. ಓವನ್ನಿನಲ್ಲಿ ಲೆಕ್ಕಕ್ಕೆ ಬರುವಷ್ಟು ಸೀಸದ ಆವಿ ಏಳುವುದಿಲ್ಲ. ಸೀಸದ ಹೊಗೆ ಅಂತ ಹೆದರಿಸುವವರು ಪಾಠ ಓದದೆ ಬಂದವರು. ಆದರೆ ನನ್ನ ಕೈಯಲ್ಲಿದ್ದ ಕಾಳು ಆವಿಯಾಗಿ ಬಂದದ್ದೇ? ಪೇಸ್ಟ್ ಬೇಗ ಬಿಸಿಯಾದರೆ ಒಳಗಿನ ದ್ರಾವಕ ಕುದಿದು ಚಿಟಚಿಟ ಸಿಡಿಯುತ್ತದೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಸಿಡಿದ ಗುಂಡುಗಳು ಜಾಲರಿಗೆ, ಟ್ರೇಗೆ, ಕೆಳಗಿನ ಚೂರುಗಳ ತಟ್ಟೆಗೆ ಬೀಳುತ್ತವೆ. ಪೇಸ್ಟಿನಲ್ಲಿರುವ ಪುಡಿಯ ಒಂದೊಂದು ಕಣ 25ರಿಂದ 45 ಮೈಕ್ರಾನ್, ಕೂದಲಿಗಿಂತ ಸಣ್ಣದು. ಬೆರಳಿಗೆ ಹತ್ತಿದರೆ ಬರೀ ಬೂದು ಕಲೆ. ಆ ಬೆರಳು ಓವನ್ನಿನ ಹಿಡಿಕೆಗೆ, ಫ್ರಿಜ್ಜಿನ ಬಾಗಿಲಿಗೆ, ಬೆಣ್ಣೆಯ ಪೊಟ್ಟಣಕ್ಕೆ, ಮಗುವಿನ ಕೆನ್ನೆಗೆ. ಸೀಸ ಮನೆಯಲ್ಲಿ ಕೈಯಿಂದ ಬಾಯಿಗೆ ಹೋಗುತ್ತದೆ ಮಾರಾಯ್ರೆ, ಮೂಗಿನಿಂದಲ್ಲ. ಕುದಿಯುವ ಬಿಂದುವಿನ ಮಾತಾಡುವವರು ತಾವು ಗೆಲ್ಲುವ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುತ್ತಾರೆ.

ಎರಡನೇ ಉತ್ತರ, "ಹಾಗಾದ್ರೆ ಇನ್ಮೇಲೆ ಲೆಡ್ ಫ್ರೀ ಮಾತ್ರ." ಕೇಳೋಕೆ ಚೆನ್ನಾಗಿದೆ. ಯುರೋಪಿನವರು 2006ರ ಜುಲೈ 1ರಿಂದ ರೋಹೆಚ್‌ಎಸ್ ಕಾನೂನು ತಂದಾಗ ನಮ್ಮ ಕಾರ್ಖಾನೆಯಲ್ಲೂ ರಫ್ತಿನ ಮಾಲಿಗೆ ಬೇರೆ ಸೋಲ್ಡರ್ ಪಾಟ್ ಇಟ್ಟರು. ತವರ, 3 ಭಾಗ ಬೆಳ್ಳಿ, ಅರ್ಧ ಭಾಗ ತಾಮ್ರ. ಅದು ಕರಗಲು 217 ಡಿಗ್ರಿ ಬೇಕು, ಬೋರ್ಡನ್ನು 240ರ ಹತ್ತಿರ ಒಯ್ಯಬೇಕು. ಈಗ ನಿಮ್ಮ ಮನೆಯ ಓಟಿಜಿ ನೋಡಿ. ಡಯಲ್ ಮುಗಿಯುವುದೇ 250ಕ್ಕೆ. ಒಳಗಿನ ಥರ್ಮೋಸ್ಟಾಟ್ ಎರಡು ಲೋಹದ ಪಟ್ಟಿ, ಹತ್ತಿಪ್ಪತ್ತು ಡಿಗ್ರಿ ಅತ್ತಿತ್ತ ತೂಗಾಡುತ್ತದೆ. 200 ದಾಟಿದ ಮೇಲೆ ಅದು ಮಳೆಗಾಲದಲ್ಲಿ ಘಾಟಿ ಹತ್ತುವ ಹಳೇ ಬಸ್ಸು. ಮುಂದಿನ ಗಾಜಿನ ಹತ್ತಿರದ ಬೋರ್ಡ್ ಬೇಯುವುದಿಲ್ಲ, ಹಿಂದಿನದು ಕಂದುತ್ತದೆ, ಕನೆಕ್ಟರಿನ ಪ್ಲಾಸ್ಟಿಕ್ ಬಾಗುತ್ತದೆ. ಎರಡು ಸಲ ಹೀಗೆ ಬೋರ್ಡ್ ಹಾಳಾದ ಮೇಲೆ ಯಾರೇ ಆಗಲಿ ಏನು ಮಾಡುತ್ತಾರೆ? 183ರಲ್ಲಿ ಸಲೀಸಾಗಿ ಕರಗುವ ಸೀಸದ ಪೇಸ್ಟಿಗೆ ಹೋಗುತ್ತಾರೆ. ಅಂಗಡಿಯವನು ಕೊಟ್ಟ ಅನ್ನೋದೆಲ್ಲ ಸುಳ್ಳು. ಆಮೇಲೆ ಕೆದಕಿ ಕೇಳಿದಾಗ ಅಳಿಯಂದಿರೇ ಒಪ್ಪಿಕೊಂಡರು. ಅಡುಗೆಮನೆಯ ಓವನ್ನಿನ ಬಡಕಲುತನವೇ ಜನರನ್ನು ಸೀಸಕ್ಕೆ ದೂಡುತ್ತದೆ. ಅದಕ್ಕೇ 'ನಂದು ಲೆಡ್ ಫ್ರೀ' ಅನ್ನುವ ಮಾತನ್ನು ಸಿರಿಂಜಿನ ಲೇಬಲ್ ನೋಡದೆ ನಾನು ನಂಬುವುದಿಲ್ಲ.

ಸರಿ, ನಿಜವಾಗಿಯೂ ಲೆಡ್ ಫ್ರೀ ಅಂತಲೇ ಇಟ್ಟುಕೊಳ್ಳೋಣ. ಫ್ಲಕ್ಸ್ ಎಲ್ಲಿಗೆ ಹೋಗುತ್ತದೆ? ಪೇಸ್ಟಿನ ತೂಕದಲ್ಲಿ ಹತ್ತನೇ ಒಂದು ಭಾಗದಷ್ಟು ಅದೇ ಇರುತ್ತದೆ. ರಾಳ, ಆಮ್ಲಗಳು, ದ್ರಾವಕ. ಅದು ಆವಿಯಾಗುತ್ತದೆ, ಆ ವಾಸನೆ ಬರುವುದೇ ಅದರಿಂದ. ಆವಿಯಾದದ್ದು ಓವನ್ನಿನ ತಣ್ಣನೆ ಮೂಲೆಗಳಲ್ಲಿ, ಗಾಜಿನ ಒಳಮೈಯಲ್ಲಿ ಕಂದು ವಾರ್ನಿಷಿನ ಹಾಗೆ ಕೂರುತ್ತದೆ. ಮರುದಿನ ನಾನಖಟಾಯಿಗೆ 170 ಡಿಗ್ರಿ ಇಟ್ಟಾಗ ಅದು ಮತ್ತೆ ಬಿಸಿಯಾಗುತ್ತದೆ. ರಾಳದ ಫ್ಲಕ್ಸಿನ ಹೊಗೆ ಕೆಲಸಗಾರರಿಗೆ ಆಸ್ತಮಾ ತರುತ್ತದೆ ಅನ್ನುವುದು ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆಯವರು ಎಷ್ಟೋ ವರ್ಷಗಳಿಂದ ಹೇಳುತ್ತಿರುವ ಮಾತು. ನಮ್ಮ ಲೈನಿನಲ್ಲೂ ಇಬ್ಬರು ಹೆಂಗಸರು ಸಂಜೆಯಾದರೆ ಕೆಮ್ಮುತ್ತಿದ್ದರು. ಧೂಳು ಅಂತ ಮೇಲ್ವಿಚಾರಕರು ಹೇಳುತ್ತಿದ್ದರು.

ಒರೆಸುತ್ತೀರಂತೆ. ಹೀಟರ್ ಕಡ್ಡಿಯ ಹಿಂದೆ ಕೈ ಹೋಗುತ್ತದೆಯೇ? ತಗಡಿನ ಸಂದಿಯಲ್ಲಿ?

ಇಷ್ಟು ಬರೆಯುವ ಹಕ್ಕು ನಿನಗೆಲ್ಲಿಂದ ಬಂತು ಅಂತ ಕೇಳಬಹುದು. ಹಕ್ಕಿಲ್ಲ, ಅದೇ ಸಂಕಟ. 1993ರಲ್ಲಿ ಡೊಂಬಿವಲಿಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಸಂಬಳ ಸಾಲದೆ ರಾತ್ರಿ ಟೇಪ್‌ರೆಕಾರ್ಡರ್, ಟಿವಿ ರಿಪೇರಿ ಮಾಡುತ್ತಿದ್ದೆ. ಊಟ ಮಾಡುವ ಚಾಪೆಯ ಮೇಲೇ ಕೆಲಸ. ಎರಡು ಕೈಯೂ ಬೇಕಾದಾಗ ಸೋಲ್ಡರ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳುತ್ತಿದ್ದೆ. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಮಗಳು ಆಗ ಅಂಬೆಗಾಲು. ತಣ್ಣಗಾದ ಸೋಲ್ಡರ್ ಹನಿಗಳನ್ನು ಆರಿಸಿ ಆಡುತ್ತಿದ್ದಳು, ಒಂದು ಸಲ ಬಾಯಿಂದ ತೆಗೆದದ್ದೂ ನೆನಪಿದೆ. ಕಾರ್ಖಾನೆಯಲ್ಲಿ ನಿಯಮ ಇತ್ತು: ಲೈನಿನಲ್ಲಿ ಚಹಾ ಇಲ್ಲ, ಊಟಕ್ಕೆ ಮುಂಚೆ ಸೋಪು, ಪಾಟಿನ ಮೇಲಿನ ಕಿಟ್ಟ ತೆಗೆಯುವಾಗ ಮಾಸ್ಕು. ಸಂಜೆ ಒಂದು ಉಂಡೆ ಬೆಲ್ಲ ಬೇರೆ. ಬೆಲ್ಲ ತಿಂದರೆ ಸೀಸ ಇಳಿಯುತ್ತದೆ ಅನ್ನೋದು ಯಾವ ವೈದ್ಯಶಾಸ್ತ್ರವೋ ದೇವರೇ ಬಲ್ಲ! ಅಲ್ಲಿ ಅಷ್ಟೆಲ್ಲ ಪಾಲಿಸಿದವನು ಅದೇ ಬಟ್ಟೆಯಲ್ಲಿ ಲೋಕಲ್ ಹಿಡಿದು ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದೆ. ನಿಯಮ ಗೇಟಿನ ಒಳಗಿನದು ಅಂತ ನನ್ನ ತಿಳುವಳಿಕೆ. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಕಾಲಕ್ಕೆ ಪೆಟ್ರೋಲಿನಲ್ಲೇ ಸೀಸ ಇತ್ತು, ಬಣ್ಣದಲ್ಲಿತ್ತು. 1999ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅಂತ 2016ರಲ್ಲಿ ನಿಯಮ ಬಂತು. ಸರಕಾರ, ವೈದ್ಯರು, ಕೋರ್ಟು ಎಲ್ಲ ಸೇರಿ ಇಷ್ಟು ವರ್ಷ ಒದ್ದಾಡಿ ಮನೆಯಿಂದ ಹೊರಗೆ ಹಾಕಿದ್ದನ್ನು ನಾವು ಸಿರಿಂಜಿನಲ್ಲಿ ತುಂಬಿಸಿ ತಂದು ದೋಸೆಹಿಟ್ಟಿನ ಎದುರು ಇಡುವುದೇ?

"ಎಲ್ಲದ್ರಲ್ಲೂ ಇದೆ ಮಾವ, ಅರಿಶಿನದಲ್ಲೂ ಸೀಸ ಇದೆಯಂತೆ" ಅಂದರು. ಹೌದು, ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಬೆರೆಸುವ ಕಳ್ಳರಿದ್ದಾರೆ. ಅವರು ಬೆರೆಸುತ್ತಾರೆ ಅಂತ ನಾವೂ ಒಂದು ಚಿಟಿಕೆ ಹಾಕಬೇಕೇ?

ಮಗುವಿನ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಆಗ ಮನೆಯಲ್ಲಿ ಮಾತು ನಿಂತಿತು. ಮಗಳು ಒಂದು ಮಾತೂ ಆಡದೆ ಉಳಿದ ನಾನಖಟಾಯಿಯನ್ನೆಲ್ಲ ಕಸಕ್ಕೆ ಸುರಿದಳು. ಒಂದು ಕಿಲೋ ಮೈದಾದ್ದು, ಮನೆಯ ತುಪ್ಪದ್ದು. ಅಳಿಯಂದಿರ ಮುಖ ನೋಡಲಾಗಲಿಲ್ಲ. ಅವರೇನು ಕೆಟ್ಟವರೇ? ಆ ಬೋರ್ಡ್ ಯಾವುದಕ್ಕೆ ಗೊತ್ತೇ? ಮನೆಯೊಳಗಿನ ಗಾಳಿ ಮಗುವಿಗೆ ಎಷ್ಟು ಚೊಕ್ಕಟ ಅಂತ ಅಳೆಯುವ ಯಂತ್ರಕ್ಕೆ! ಮೂರು ಮಿಲಿಮೀಟರ್ ಚದರದ ಒಂದು ಗ್ಯಾಸ್ ಸೆನ್ಸರ್, ಅದರ ಬೆಸುಗೆ ಹೊಟ್ಟೆಯ ಕೆಳಗೆ, ಓವನ್ ಇಲ್ಲದೆ ಕೂರುವುದೇ ಇಲ್ಲ.

ವಾರದ ಮೇಲೆ ವರದಿ ಬಂತು. 3.1. ಡೆಸಿಲೀಟರಿಗೆ ಮೈಕ್ರೋಗ್ರಾಂ. 'ಮಿತಿಯೊಳಗೆ' ಅಂತ ಲ್ಯಾಬಿನವರು ಬರೆದಿದ್ದರು. ಅಳಿಯಂದಿರು ನಿಟ್ಟುಸಿರು ಬಿಟ್ಟರು, ನಾನೂ ಬಿಟ್ಟೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಈ ಮಿತಿಯ ಚರಿತ್ರೆ ನನಗೆ ಗೊತ್ತು. ಅಮೆರಿಕದ ಸಿಡಿಸಿಯವರು 1991ರಲ್ಲಿ 10 ಅಂದರು, 2012ರಲ್ಲಿ 5ಕ್ಕೆ ಇಳಿಸಿದರು, 2021ರಲ್ಲಿ 3.5. ಸುರಕ್ಷಿತ ಅನ್ನಬಹುದಾದ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮಕ್ಕಳ ಮಿದುಳಿಗೆ ಆಗುವ ನಷ್ಟ ಆಮೇಲೆ ತುಂಬಿ ಬರುವಂಥದ್ದಲ್ಲ. 3.1 ಓವನ್ನಿನಿಂದಲೇ ಬಂತು ಅಂತ ನಾನು ಹೇಳಲಾರೆ. ಹಳೇ ಗೋಡೆಯ ಬಣ್ಣ ಇರಬಹುದು, ಆಟಿಕೆ ಇರಬಹುದು, ಅರಿಶಿನವೂ ಇರಬಹುದು. ಗೊತ್ತಾಗುವುದೇ ಇಲ್ಲ, ಅದೇ ನನ್ನ ಸಿಟ್ಟು. ಸುಟ್ಟ ಕೈಯಾದರೆ ಬೊಬ್ಬೆ ಬಂದು ಲೆಕ್ಕ ಹೇಳುತ್ತದೆ. ಇದು ಹೇಳುವುದಿಲ್ಲ. 1993ರಲ್ಲಿ ನನ್ನ ಮಗಳ ರಕ್ತದಲ್ಲಿ ಎಷ್ಟಿತ್ತೋ... ಅವಳು ಗಣಿತದಲ್ಲಿ ಹಿಂದೆ ಬಿದ್ದಾಗ ಟ್ಯೂಷನ್‌ಗೆ ಹಾಕಿ ಬೈದದ್ದು ನಾನೇ.

ನಮ್ಮೂರು ಕುಂದಾಪುರದ ಕಡೆ. ಚಿಕ್ಕಂದಿನಲ್ಲಿ ವರ್ಷಕ್ಕೊಮ್ಮೆ ಕಲಾಯಿಯವನು ಬರುತ್ತಿದ್ದ. ಅಂಗಳದ ತುದಿಯಲ್ಲಿ ಹೊಂಡ ತೋಡಿ, ಇದ್ದಲು ಹಾಕಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಹಾಕಿ ತವರ ಸವರುತ್ತಿದ್ದ. ಬಿಳೀ ಹೊಗೆ ಏಳುತ್ತಿತ್ತು. ಮಕ್ಕಳನ್ನು ಅಜ್ಜಿ ಹತ್ತಿರ ಬಿಡುತ್ತಿರಲಿಲ್ಲ. ಅನ್ನ ಬೇಯಿಸುವ ಪಾತ್ರೆಗೇ ಮಾಡುವ ಕೆಲಸ, ಆದರೂ ಅನ್ನ ಬೇಯುವ ಒಲೆ ಬೇಡ, ಬೇರೆ ಬೆಂಕಿ. ಅಜ್ಜಿಗೆ ಮೈಕ್ರಾನ್ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಡೇಟಾಶೀಟ್ ಓದುತ್ತೇವೆ, ಆದರೂ ಮೂರು ಸಾವಿರ ಉಳಿಸಲು ಒಂದೇ ಒಲೆ!

ಜಾಗ ಇಲ್ಲ ಅನ್ನುವ ಉತ್ತರಕ್ಕೆ ಮಾತ್ರ ನಾನು ಬಾಯಿ ಮುಚ್ಚುತ್ತೇನೆ, ಮುಂಬೈಯಲ್ಲಿ ನಲವತ್ತು ವರ್ಷ ಇದ್ದವನು. ಆದರೂ ಬೋರ್ಡ್ ಕಾಯಿಸಲು ದೊಡ್ಡ ಓವನ್ನೇ ಬೇಕೆಂದಿಲ್ಲ. ಅಂಗೈಯಷ್ಟಗಲದ ಹಾಟ್ ಪ್ಲೇಟುಗಳು ಬಂದಿವೆ, ಒಂದು ಬದಿಯ ಬೋರ್ಡಿಗೆ ಧಾರಾಳ ಸಾಕು, ಕೆಲಸ ಮುಗಿದರೆ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲೆ. ಪೇಸ್ಟಿನಲ್ಲೂ ತವರ-ಬಿಸ್ಮತ್ ಅಂತ ಇದೆ, 138 ಡಿಗ್ರಿಗೇ ಕರಗುತ್ತದೆ. ಸೀಸ ಇಲ್ಲ, ಬಡಕಲು ಓವನ್ನಿಗೂ ಹಗುರ. ಬೆಸುಗೆ ಸ್ವಲ್ಪ ಪೆಡಸು, ಬೀಳುವ ಏಳುವ ವಸ್ತುಗಳಿಗೆ, ಬಿಸಿಯಾಗುವ ಪವರ್ ಸರ್ಕ್ಯೂಟಿಗೆ ಬೇಡ. ಹಳೇ ಸೀಸದ ಬೆಸುಗೆಯ ಜೊತೆ ಬೆರೆತರೆ 96 ಡಿಗ್ರಿಗೇ ಕರಗುವ ಮಿಶ್ರಣ ಆಗಿಬಿಡಬಹುದು, ಆ ಎಚ್ಚರ ಇರಲಿ. ಗೋಡೆಗೆ ನೇತುಹಾಕುವ ಗಾಳಿ ಅಳೆಯುವ ಯಂತ್ರಕ್ಕೆ ಅದು ಏನೂ ಸಾಲದೆ ಬರುವುದಿಲ್ಲ. ಫ್ರಿಜ್ಜೇ ಬೇಕು ಅಂತಾದರೆ ಸಣ್ಣ ಸಿರಿಂಜು ತಂದು ಬೇಗ ಮುಗಿಸಿ. ಇಲ್ಲವೇ ಹೊರಗಿಟ್ಟರೂ ತಡೆಯುವ ಪೇಸ್ಟುಗಳಿವೆ, ಅದನ್ನು ಕೇಳಿ ತನ್ನಿ.

ಪುಣೆಯ ಓಟಿಜಿ ಈಗ ನಮ್ಮ ಬಾಲ್ಕನಿಯಲ್ಲಿದೆ. ಬಾಗಿಲಿನ ಮೇಲೆ ಕೆಂಪು ಪೇಂಟಿನಲ್ಲಿ 'ಅಡುಗೆಗಲ್ಲ' ಅಂತ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದೇನೆ, ಕೆಲಸದ ಬಾಯಿ ಗೊತ್ತಾಗದೆ ತೊಳೆದಾಳು ಅಂತ. ಮಗಳು ಇನ್ನೂ ಹೊಸದನ್ನು ಕೊಂಡಿಲ್ಲ, ಹಳೇ ಕುಕ್ಕರಿನಲ್ಲಿ ಉಪ್ಪು ಕಾಯಿಸಿ ಅದರ ಮೇಲೆ ಬೇಯಿಸುತ್ತಾಳಂತೆ. ಮಗುವಿನ ಎರಡನೇ ಪರೀಕ್ಷೆ ಬರುವ ತಿಂಗಳು.

ಹೋದ ಭಾನುವಾರ ಅಳಿಯಂದಿರು ಏಳು ಬೋರ್ಡ್ ತಂದಿದ್ದರು, ಬಿಸ್ಮತ್ ಪೇಸ್ಟಿನದ್ದು. ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಸಿ, ಇಬ್ಬರೂ ಸ್ಟೂಲ್ ಹಾಕಿಕೊಂಡು ಗಾಜಿಗೆ ಕಣ್ಣಿಟ್ಟು ಕೂತೆವು. ಆರು ಸರಿ ಬಂದವು. ಏಳನೆಯದರಲ್ಲಿ ಒಂದು ಕೆಪಾಸಿಟರ್ ಒಂದೇ ಕಾಲ ಮೇಲೆ ಎದ್ದು ನಿಂತಿತ್ತು. ಅದನ್ನು ಹೇಗೆ ಕೂರಿಸುವುದು ಅಂತ ಮಾತಾಡುತ್ತಾ ಅಳಿಯಂದಿರು ಚಹಾದ ಲೋಟಕ್ಕೆ ಕೈ ಚಾಚಿದರು. ನನ್ನವಳು ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲು ಸೋಪು. ಇಬ್ಬರೂ."